ರುದ್ರಾಣಿ ಕೂತ ಮಣೆ

ನಮ್ಮೂರಿನಲ್ಲಿ ಮದುವೆಯ ಮುಹೂರ್ತವನ್ನು ಹಗಲಿನಲ್ಲೇ ಇಡುತ್ತಾರೆ, ಅದೂ ಚಪ್ಪರದ ಕೆಳಗೆ ಒಂದು ಬಲ್ಬೂ ಇಲ್ಲದೆ. ತಾಳಿ ಕಟ್ಟುವ ಹೊತ್ತಿಗೆ ಹುಡುಗಿಯ ಅಪ್ಪನಿಗೆ ಎದೆ ತುಂಬಿ ಬಂದರೆ ಇಡೀ ಬೀದಿಯ ಬ್ರೇಕರ್ ಬೀಳುತ್ತದೆ. ಆಮೇಲೆ ಅವನು ಪಂಚೆ ಎತ್ತಿ ಕಟ್ಟಿಕೊಂಡು ಬೀದಿ ಕೊನೆಯ ಪೆಟ್ಟಿಗೆಯವರೆಗೆ ನಡೆದು ಅದನ್ನು ಎತ್ತಿ ಬರಬೇಕು. ಯಾರ ಎದೆಯಿಂದ ಬಿತ್ತೋ ಅವರ ಕೈಗೇ ಅದು ಏಳುವುದು. ಬೇರೆಯವರು ಎಷ್ಟೇ ನೂಕಲಿ, ಹಿಡಿ ಮೇಲೆ ಹೋದಂತೆ ಮಾಡಿ ಟಕ್ಕೆಂದು ನಡುವಿಗೆ ಜಾರುತ್ತದೆ. ಹೀಗಾಗಿ ನಮ್ಮ ಜನ ಒಳ್ಳೆಯ ಸುದ್ದಿ ಬಂದರೆ ಮೊದಲು ಮನೆಯಿಂದ ಹೊರಗೆ ಓಡುತ್ತಾರೆ. ಪರೀಕ್ಷೆಯಲ್ಲಿ ಪಾಸಾದವರು ಮೈದಾನದಲ್ಲಿ ಕುಣಿದು, ತಣ್ಣಗಾದ ಮೇಲೆ ಒಳಗೆ ಬಂದು ಅಮ್ಮನಿಗೆ ಹೇಳುತ್ತಾರೆ. ಗಂಡಹೆಂಡಿರು ಜಗಳವಾಡಬೇಕಿದ್ದರೆ ಕೆರೆ ಏರಿಗೆ ಹೋಗುತ್ತಾರೆ. ಸಂಜೆಯ ಹೊತ್ತು ಅಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ.

ನನ್ನಜ್ಜಿ ಸೊಸೆಯಾಗಿ ಬಂದ ಕಾಲದಲ್ಲಿ ಬ್ರೇಕರ್ ಇರಲಿಲ್ಲವಂತೆ, ಫ್ಯೂಸ್ ತಂತಿ ಇತ್ತಂತೆ. ತಂತಿ ಪದೇ ಪದೇ ಸುಟ್ಟುಹೋಗಿ ಬೇಸತ್ತವರು ದಪ್ಪ ತಂತಿಯನ್ನು ಸುತ್ತಿಬಿಡುತ್ತಿದ್ದರು. ಆಗ ಎದೆಯ ಬೇಗೆಯೆಲ್ಲ ನೇರ ಯಂತ್ರಕ್ಕೇ ಹೋಗುತ್ತಿತ್ತು. ಎಣ್ಣೆ ಗಾಣದ ಮನೆಯ ಅಣ್ಣತಮ್ಮಂದಿರು ಪಾಲಾದ ದಿನ ಗಾಣದ ಮೋಟಾರು ಹೊಗೆಯುಗುಳಿ ಕರಕಲಾಯಿತು, ಆ ವಾಸನೆ ಆ ಮನೆಯ ಸೀರೆಗಳಿಂದ ವರ್ಷಗಟ್ಟಲೆ ಹೋಗಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಆಮೇಲೆ ಬಂದದ್ದು ಈ ಬ್ರೇಕರ್. ಅಚ್ಚಿನಲ್ಲಿ ಎರೆದು ಮುಚ್ಚಿದ ಕಪ್ಪು ಡಬ್ಬಿ, ಇಟ್ಟಿಗೆಯಷ್ಟು ಗಾತ್ರ, ಮುಂದೆ ಗಿಣಿಯ ಕೊಕ್ಕಿನಂಥ ಒಂದು ಹಿಡಿ. ಹಿಡಿ ಮೇಲಿದ್ದರೆ ಯಂತ್ರ ಓಡುತ್ತದೆ. ಕೆಳಗಿದ್ದರೆ ಯಾರೋ ಬೇಕೆಂದೇ ನಿಲ್ಲಿಸಿದ್ದಾರೆ. ನಡುವೆ ನಿಂತಿದ್ದರೆ ಯಾರದೋ ಎದೆ ತಡೆಯಲಾರದೆ ಹೋಗಿದೆ. ನಡುವಿನಿಂದ ನೇರ ಮೇಲಕ್ಕೆ ಎತ್ತಲು ಬರುವುದಿಲ್ಲ. ಮೊದಲು ಪೂರ್ತಿ ಕೆಳಕ್ಕೆ ಒತ್ತಬೇಕು, ಆಮೇಲೆ ಎತ್ತಬೇಕು.

ಬೀಳುವುದರಲ್ಲೂ ಎರಡು ಬಗೆಯಿದೆ. ಸಿಟ್ಟು, ಭಯ, ಅಳು ಇವು ಥಟ್ಟನೆ ಬೀಳಿಸುತ್ತವೆ. ಹಾಗೆ ಬಿದ್ದ ಡಬ್ಬಿ ತಣ್ಣಗಿರುತ್ತದೆ, ಕೂಡಲೇ ಎತ್ತಬಹುದು. ಬಹಳ ಕಾಲ ಒಳಗೇ ಇಟ್ಟುಕೊಂಡದ್ದು ಮಾತ್ರ ಮೆಲ್ಲಗೆ ಕಾಯಿಸುತ್ತದೆ. ಡಬ್ಬಿಯೊಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇದೆಯಂತೆ; ಅದು ಬಿಸಿಯಾಗುತ್ತ, ಬಾಗುತ್ತ, ಒಂದು ದಿನ ಕೊಂಡಿ ಕಳಚುತ್ತದೆ. ಹಾಗೆ ಬಿದ್ದದ್ದು ಆರುವ ತನಕ ಯಾರ ಕೈಗೂ ಏಳುವುದಿಲ್ಲ. ನಮ್ಮೂರಿನವರು ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡಿ, ಬೆಚ್ಚಗಿದ್ದರೆ "ಹೊಟ್ಟೆಕಿಚ್ಚು" ಎಂದು ಹೇಳಿ ಟೀ ಕುಡಿಯಲು ಹೋಗಿಬಿಡುತ್ತಾರೆ.

ನಾನು ಚೆನ್ನಶೆಟ್ಟರ ಅವಲಕ್ಕಿ ಮಿಲ್ಲಿನಲ್ಲಿ ಜರಡಿ ಹಿಡಿಯುವವಳು. ನೆನೆದ ಭತ್ತ ಅಂಗಳದ ತೊಟ್ಟಿಗಳಿಂದ ಒಳಗೆ ಬಂದು, ಬಿಸಿ ಮರಳಿನಲ್ಲಿ ಹುರಿದುಕೊಂಡು, ಒತ್ತುವ ಚಕ್ರದ ಕೆಳಗೆ ಹಾದು, ನಮ್ಮ ಜರಡಿಗಳ ಮೇಲೆ ಬಿಳಿ ಚಿಟ್ಟೆಗಳಂತೆ ಬೀಳುತ್ತದೆ. ಚಕ್ರ ನಡುವೆ ನಿಂತರೆ ಕೆಲಸ ಕೆಟ್ಟಿತು. ಹುರಿದ ಭತ್ತ ಆರಿದರೆ ಅವಲಕ್ಕಿಯಾಗುವುದಿಲ್ಲ, ಒತ್ತಿದರೆ ನುಚ್ಚಾಗುತ್ತದೆ. ಆದ್ದರಿಂದಲೇ ನಮ್ಮೂರಿನ ಎಲ್ಲ ಮಿಲ್ಲುಗಳಲ್ಲಿರುವಂತೆ ಇಲ್ಲಿಯೂ ಒಂದು ಕಥೆಮಣೆ ಇದೆ. ಯಂತ್ರ ಓಡುವಷ್ಟು ಹೊತ್ತು ಒಬ್ಬಳು ಅದರ ಮೇಲೆ ಕೂತು ಕಥೆ ಹೇಳುತ್ತಿರಬೇಕು. ಕೆಲಸಗಾರರ ಮನಸ್ಸು ಮನೆಯ ಕಡೆ, ಸಾಲದ ಕಡೆ, ಸತ್ತವರ ಕಡೆ ಹರಿಯದಂತೆ ಕಥೆ ಅದನ್ನು ಮಟ್ಟವಾಗಿ ಹಿಡಿದಿಡಬೇಕು. ಮಣೆಯ ಮೇಲೆ ಕೂತವಳ ಎದೆಯಿಂದಲೇ ಬ್ರೇಕರ್ ಬಿದ್ದರೆ ಅವಳು ಆ ಗಳಿಗೆಯೇ ಎದ್ದು, ಮಣೆಯನ್ನು ಮುಂದಿನವಳಿಗೆ ಬಿಡಬೇಕು.

ಆ ಮಣೆ ನನ್ನಜ್ಜಿ ದೊಡ್ಡತಾಯಮ್ಮನದು. ಅಪ್ಪ ಅಮ್ಮ ಇಬ್ಬರೂ ಮಿಲ್ಲಿನವರೇ ಆದ್ದರಿಂದ ನಾನು ಆ ಮಣೆಯ ಪಕ್ಕದ ಗೋಣಿಚೀಲದ ಮೇಲೆ ಬೆಳೆದೆ. ಹಗಲು ಮಿಲ್ಲಿನಲ್ಲಿ ಅಜ್ಜಿಯ ಕಥೆ, ಮನೆಗೆ ಬಂದ ಮೇಲೆ ನನಗೊಬ್ಬಳಿಗೇ ಇನ್ನೊಂದು ಕಥೆ. ಚಕ್ರ ತಿರುಗುವ ಸದ್ದು ಕೇಳಿದರೆ ಇವತ್ತಿಗೂ ನನಗೆ ಕುದುರೆ ಬರುತ್ತಿವೆ ಅನ್ನಿಸುತ್ತದೆ, ಉಗಿ ಏಳುವ ತೊಟ್ಟಿ ಕಂಡರೆ ಅದರೊಳಗೆ ಒಂದು ಅರಮನೆ ಮುಳುಗಿದೆ ಅನ್ನಿಸುತ್ತದೆ. ಅಜ್ಜಿಯ ದನಿ ಒಡೆಯತೊಡಗಿದಾಗ ನಾನು ಅತ್ತೆ. ನಿಜ ಹೇಳಬೇಕೆಂದರೆ ಅಳುವಿನ ಕೆಳಗೆ ಇನ್ನೇನೋ ಇತ್ತು. ಇನ್ನು ಮಣೆ ನನ್ನದು ಎಂದುಕೊಂಡಿದ್ದೆ.

ಶೆಟ್ಟರು ಪರೀಕ್ಷೆ ಇಟ್ಟರು. ನನ್ನನ್ನು ಕೂರಿಸಿದ ಬೆಳಿಗ್ಗೆ ಮಿಲ್ಲು ಗಮಗಮ ಅನ್ನುತ್ತಿತ್ತು. ತಮ್ಮನನ್ನು ಹುಡುಕುತ್ತ ಹೊರಟ ಅಕ್ಕನ ಕಥೆಯನ್ನು ನಾನು ಆರಿಸಿಕೊಂಡೆ. ನಡೆದು ನಡೆದು ಅವಳಿಗೆ ತಮ್ಮನ ಹೆಸರೇ ಮರೆತುಹೋಗುತ್ತದೆ, ಅವನು ನಗುತ್ತಿದ್ದ ರೀತಿ ಮಾತ್ರ ನೆನಪಿರುತ್ತದೆ. ಸಿಕ್ಕವರ ಮುಂದೆಲ್ಲ ಅವಳು ಅವನಂತೆ ನಕ್ಕು ತೋರಿಸಿ, "ಹೀಗೆ ನಗುವವನನ್ನು ಕಂಡಿರಾ?" ಎಂದು ಕೇಳುತ್ತಾಳೆ. ನಾನು ನಕ್ಕು ತೋರಿಸಿದೆ. ಜರಡಿಗಳು ನಿಂತವು. ನನ್ನ ಎದುರಿಗಿದ್ದ ಕೆಂಚಮ್ಮನ ಗಲ್ಲ ನಡುಗಿದ್ದು ಕಂಡಿತು, ಮರುಗಳಿಗೆಯೇ ಪ್ಯಾನೆಲ್ ರೂಮಿನಲ್ಲಿ ಟಕ್ ಎಂದಿತು. ಚಕ್ರ ನಿಧಾನವಾಗಿ ಸುತ್ತಿ ಸುಮ್ಮನಾಯಿತು.

"ನಂದೇ ಬಿದ್ದಿದ್ದು, ನಂದೇ," ಎಂದು ಕೆಂಚಮ್ಮ ಸೆರಗಿನಲ್ಲಿ ಮೂಗೊರೆಸುತ್ತ ಎದ್ದಳು. "ಎಂಥ ಹುಡುಗಿಯೇ ನೀನು ಸುಕನ್ಯಾ! ನಮ್ಮ ತಮ್ಮಯ್ಯ ಹೋಗಿ ಎಷ್ಟು ಕಾಲವಾಯ್ತು, ಇವತ್ತು ತಂದು ಕೂರಿಸಿಬಿಟ್ಟೆಯಲ್ಲೇ ಜರಡಿ ಮೇಲೆ." ಅವಳು ಪ್ಯಾನೆಲ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಎತ್ತುವವರು ಒಳಗಿರುವಾಗ ಬಾಗಿಲು ಮುಚ್ಚಿರಬೇಕು, ಯಾರೂ ಇಣುಕಬಾರದು. ಅದು ಮಿಲ್ಲಿನ ಮರ್ಯಾದೆ. ಒಳಗೆ ಹೋದವರು ಯಾರು ಅನ್ನುವುದನ್ನು ಮಾತ್ರ ಎಲ್ಲರೂ ನೋಡಿರುತ್ತಾರೆ.

ನನಗೆ ಒಳಗೊಳಗೆ ಹಿಗ್ಗು. ಒಂದು ನಗೆಯಿಂದ ಇಡೀ ಮಿಲ್ಲನ್ನು ನಿಲ್ಲಿಸಿದ್ದೆ! ಶೆಟ್ಟರ ಮುಖ ನೋಡಿದ ಮೇಲೆ ಗೊತ್ತಾಯಿತು, ನಾನು ಮಾಡಬಾರದ್ದು ಅದೊಂದೇ ಎಂದು.

ಮರುದಿನ ರುದ್ರಾಣಿಯನ್ನು ಕೂರಿಸಿದರು. ರುದ್ರಾಣಿ ಮೂಟೆ ಹೊಲಿಯುವ ಹುಡುಗಿ, ನನ್ನ ವಯಸ್ಸಿನವಳೇ. ತಾಯಿಯಿಲ್ಲದ ಮನೆಯಲ್ಲಿ ತಂಗಿಯರನ್ನು ಸಾಕಿದವಳು. ಕೈಗೂಸಿದ್ದ ಮನೆಯಲ್ಲಿ ದೀಪ ಆರಬಾರದೆಂದು ಚಿಕ್ಕಂದಿನಿಂದ ಎದೆಯನ್ನು ತಟ್ಟಿ ತಟ್ಟಿ ಮಲಗಿಸಿಕೊಂಡವಳು. ಅವಳಿಂದ ಊರಿನಲ್ಲಿ ಒಂದು ಬಲ್ಬೂ ಮಿಣುಕಿದ್ದಿಲ್ಲ. ಹೆರಿಗೆಯ ಮನೆಗೆ, ಆಪರೇಷನ್ ಆಗುವ ಕೋಣೆಗೆ ಜನ ಅವಳನ್ನೇ ಜೊತೆಗೆ ಕರೆಯುತ್ತಾರೆ. ಅವಳು ಕುಂಬಳಕಾಯಿ ಮಾರಲು ಹೊರಟ ಮುದುಕನ ಕಥೆ ಹೇಳಿದಳು. ಕಾಯಿ ಉರುಳಿತು, ಮುದುಕ ಹಿಂದೆ ಓಡಿದ, ಕಾಯಿ ಸಿಕ್ಕಿತು, ಮುದುಕ ಮನೆಗೆ ಹೋದ. ಅಷ್ಟೇ. ಹೆಂಗಸರು ಹದವಾಗಿ ನಕ್ಕರು. ಚಕ್ರ ಒಂದೇ ಸಮ ತಿರುಗಿತು. ಶೆಟ್ಟರು ಕಾಲ ಮೇಲೆ ಕಾಲು ಹಾಕಿ ಪಾದ ಕುಣಿಸುತ್ತ ಕೂತಿದ್ದರು.

"ತಾಯಮ್ಮಾ, ಮಣೆ ನಿಮ್ಮದು. ನೀವೇ ಹೇಳಿ," ಎಂದರು ಶೆಟ್ಟರು.

ಅಜ್ಜಿ ನನ್ನ ಕಡೆ ನೋಡಲೇ ಇಲ್ಲ. ರುದ್ರಾಣಿಯ ತಲೆಯ ಮೇಲೆ ಕೈಯಿಟ್ಟಳು.

ಆ ಸಂಜೆ ದಾರಿಯಲ್ಲಿ ನಾನು ಅಜ್ಜಿಯ ಜೊತೆ ಮಾತಾಡಲಿಲ್ಲ. ಕೆರೆ ಏರಿ ಬಂದ ಮೇಲೆ ಅವಳೇ ನಿಂತಳು. "ಇಲ್ಲಿ ಬಯ್ಯಿ ಮಗಾ, ಇಲ್ಲಿ ಯಾವ ದೀಪವೂ ಹೋಗಲ್ಲ."

"ಅವಳ ಕಥೆಯಲ್ಲಿ ಏನಿತ್ತಜ್ಜೀ? ಬರೀ ಕುಂಬಳಕಾಯಿ!"

"ಅದೇ ಬೇಕಾಗಿತ್ತು ಮಿಲ್ಲಿಗೆ. ನೀನು ಹೇಳಿದರೆ ಚಕ್ರ ನಿಲ್ಲುತ್ತೆ, ಭತ್ತ ನುಚ್ಚಾಗುತ್ತೆ. ನುಚ್ಚು ತಿಂದು ಬದುಕೋಕಾಗುತ್ತಾ?"

"ನಿನ್ನ ಹೊಟ್ಟೇಲಿ ಹುಟ್ಟಿದ ಮಗನ ಮಗಳು ನಾನು."

"ಅದಕ್ಕೇ ನಿನಗೆ ಕೊಡಲಿಲ್ಲ," ಎಂದಳು ಅಜ್ಜಿ. ನನಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಅಂದಿನಿಂದ ರುದ್ರಾಣಿ ನಮ್ಮ ಮನೆಯಲ್ಲೇ ಬಿದ್ದುಕೊಂಡಳು. ಮಿಲ್ಲಿಗೆ ಬೇಕಾದ ಕಥೆಗಳನ್ನೆಲ್ಲ ಕಲಿಯಬೇಕಲ್ಲ. ಕೆಲಸ ಮುಗಿದ ಮೇಲೆ ಬರುತ್ತಾಳೆ, ಅಜ್ಜಿಯ ಎಲೆಅಡಿಕೆ ಕುಟ್ಟಿ ಕೊಡುತ್ತಾಳೆ, ಅಜ್ಜಿ ಅದನ್ನು ದವಡೆಗಿಟ್ಟುಕೊಂಡು ಹೇಳುತ್ತಾಳೆ, ಇವಳು ಕೇಳುತ್ತಾಳೆ. ಕುಟ್ಟುವ ಆ ಪುಟ್ಟ ಒರಳು ನಾನು ಹುಟ್ಟಿದಾಗಿನಿಂದ ನನ್ನ ಕೈಯದು. ಅವಳು ಅದನ್ನು ಎಷ್ಟು ಸದ್ದಿಲ್ಲದೆ ಕುಟ್ಟುತ್ತಿದ್ದಳೆಂದರೆ ಅಜ್ಜಿಯ ಒಂದು ಮಾತೂ ತಪ್ಪಿಹೋಗುತ್ತಿರಲಿಲ್ಲ. ಕಥೆಯ ನಡುವೆ ನಾನು "ಹೂಂ" ಅನ್ನುತ್ತಿದ್ದ ಜಾಗದಲ್ಲಿ ಈಗ ಅವಳು "ಹೂಂ" ಅನ್ನುತ್ತಿದ್ದಳು. ಅಮ್ಮ ನನ್ನ ಕೈಲಿ ಇಬ್ಬರಿಗೂ ಕಾಫಿ ಕಳಿಸುತ್ತಿದ್ದಳು. ಲೋಟ ಇಡುವಾಗ ರುದ್ರಾಣಿ ತಲೆಯೆತ್ತಿ, "ನೀನೂ ಕೂತ್ಕೋ ಬಾರೇ," ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ, ನಮ್ಮಜ್ಜಿಯ ಪಕ್ಕ, ನನಗೆ ಜಾಗ ಕೊಡುವವಳು ಅವಳು!

ಮನೆಯ ಬ್ರೇಕರ್ ಬೀಳತೊಡಗಿತು. ಸಂಜೆಯಾದರೆ ಸಾಕು, ದೀಪ ಮಂಕಾಗಿ, ಟಕ್. ಮುಟ್ಟಿದರೆ ಡಬ್ಬಿ ಬೆಚ್ಚಗೆ. ಆರುವ ತನಕ ಮನೆಮಂದಿಯೆಲ್ಲ ಕತ್ತಲಲ್ಲಿ ಕೂತಿರಬೇಕು, ನಾನು ಜಗಲಿಯ ಮೇಲೆ ಪೆಟ್ಟಿಗೆಯ ಮುಂದೆ ನಿಂತು ಅದಕ್ಕೆ ಬೀಸಣಿಗೆಯಲ್ಲಿ ಗಾಳಿ ಹಾಕಬೇಕು. ಬೀದಿಯಲ್ಲಿ ಹೋಗುವವರಿಗೆ ತಮಾಷೆ. "ಏನಮ್ಮಾ ಸುಕನ್ಯಾ, ಇವತ್ತೂ ಬಿಸೀನಾ?" "ಇನ್ನೊಂಚೂರು ಬೀಸು, ಹಂಗೇ ಒಂದು ಹಪ್ಪಳ ಇಟ್ಟು ನೋಡು, ಸುಟ್ಕೊಳ್ಳುತ್ತೆ." ಒಳಗೆ ಕತ್ತಲಲ್ಲಿ ಅಜ್ಜಿಯ ಕಥೆ ಮಾತ್ರ ನಿಲ್ಲುತ್ತಿರಲಿಲ್ಲ. ಕಥೆ ಕೇಳಲು ದೀಪ ಯಾಕೆ? ರುದ್ರಾಣಿಯ "ಹೂಂ" ಒಂದೇ ತೂಕದಲ್ಲಿ ಹೊರಗೆ ಬರುತ್ತಿತ್ತು, ನಾನು ಬೀಸುತ್ತಿದ್ದೆ.

ಕೊನೆಗೆ ನಮ್ಮ ಮಿಲ್ಲಿನ ವೈರ್‌ಮನ್ ಜಬ್ಬಾರಣ್ಣನ ಹತ್ತಿರ ಹೋಗಿ ಕೇಳಿದೆ. ಡಬ್ಬಿಯ ಮೂಲೆಯಲ್ಲಿ ಒಂದು ಸಣ್ಣ ತಿರುಪು ಇದೆ, ಅದನ್ನು ತಿರುಗಿಸಿದರೆ ಇನ್ನೂ ಹೆಚ್ಚು ತಡೆದುಕೊಂಡೀತು ಎಂದು ಯಾರೋ ಹೇಳಿದ್ದರು.

"ತಡ್ಕೊಳ್ಳೋದು ಡಬ್ಬಿಯಲ್ಲಮ್ಮ, ಅದರ ಹಿಂದಿರೋ ಮೋಟಾರು," ಎಂದ ಜಬ್ಬಾರಣ್ಣ. "ಇದು ಬಿದ್ದರೆ ಬೈಕೋಬೇಡ. ಬೀಳದೆ ಇದ್ದಿದ್ದರೆ ನಿಮ್ಮನೆ ರುಬ್ಬೋ ಯಂತ್ರ ಇಷ್ಟೊತ್ತಿಗೆ ಸುಟ್ಟು ಬೂದಿಯಾಗಿರೋದು. ಆ ಹುಡುಗಿ ಮೇಲೆ ಯಾಕಮ್ಮ ಅಷ್ಟೊಂದು?"

"ಯಾವ ಹುಡುಗಿ?"

"ಹೂಂ, ಯಾವ ಹುಡುಗಿ," ಎಂದು ನಕ್ಕು ಅವನು ಬೀಡಿ ಹಚ್ಚಿದ.

ಒಂದು ದಿನ ಮಿಲ್ಲಿನಲ್ಲಿ ರುದ್ರಾಣಿ ಕನ್ನಡಿ ಹೊತ್ತ ಹುಡುಗಿಯ ಕಥೆ ತೆಗೆದಳು.

ಅದು ನನ್ನ ಕಥೆ. ನನಗೆ ಜ್ವರ ಬಂದು ಮೈ ಸುಡುತ್ತಿದ್ದಾಗ ಅಜ್ಜಿ ನನ್ನ ಕಿವಿಯೊಳಗೆ ಹೇಳಿದ ಕಥೆ. ಮಿಲ್ಲಿನಲ್ಲಿ ಅವಳು ಅದನ್ನು ಯಾವತ್ತೂ ಹೇಳಿದ್ದಿಲ್ಲ. ರಾಜನ ಮದುವಣಗಿತ್ತಿಗೆಂದು ಒಂದು ಆಳೆತ್ತರದ ಕನ್ನಡಿ ಮಾಡಿಸಿ, ಒಬ್ಬ ಹುಡುಗಿಯ ಬೆನ್ನಿಗೆ ಕಟ್ಟಿ ಕಳಿಸುತ್ತಾರೆ. ಅವಳು ಊರೂರು ದಾಟುತ್ತಾಳೆ. ಪ್ರತಿ ಊರಿನಲ್ಲೂ ಹೆಂಗಸರು ಹಿಂದಿನಿಂದ ಬಂದು ಕನ್ನಡಿ ನೋಡಿಕೊಳ್ಳುತ್ತಾರೆ, ನೋಡಿದವರ ಮುಖ ಅದರಲ್ಲೇ ಉಳಿದುಬಿಡುತ್ತದೆ. ಅರಮನೆ ಮುಟ್ಟುವ ಹೊತ್ತಿಗೆ ಕನ್ನಡಿ ತುಂಬ ಮುಖಗಳು, ಮದುವಣಗಿತ್ತಿಗೆ ಜಾಗವೇ ಇಲ್ಲ.

ಜರಡಿ ಹಿಡಿದ ನನ್ನ ಕೈ ನಿಂತಿತ್ತು. ಅಜ್ಜಿ ಗೋಡೆಗೊರಗಿ ಕೂತಿದ್ದಳು, ಕಣ್ಣು ಮುಚ್ಚಿತ್ತು. ಇವಳಿಗೂ ಹೇಳಿಬಿಟ್ಟಿದ್ದಾಳೆ. ಇದನ್ನೂ ಕೊಟ್ಟುಬಿಟ್ಟಿದ್ದಾಳೆ.

"ಆಮೇಲೆ ಆ ಹುಡುಗಿ ಸೆರಗು ಒದ್ದೆ ಮಾಡ್ಕೊಂಡು ಕನ್ನಡೀನ ಚೆನ್ನಾಗಿ ಒರೆಸಿದಳಂತೆ," ಎಂದಳು ರುದ್ರಾಣಿ. "ಎಲ್ಲ ಮುಖಾನೂ ಹೋಯ್ತಂತೆ. ಕನ್ನಡಿ ಫಳಫಳ ಅಂತಂತೆ. ರಾಜ ಖುಷಿಯಾಗಿ ಅವಳಿಗೆ ಬಳೆ ಕೊಟ್ಟನಂತೆ. ಅವಳು ಹಾಕ್ಕೊಂಡು ಮನೆಗೆ ಹೋದಳಂತೆ."

"ಅಲ್ಲ!" ಎಂದೆ ನಾನು. ಎದ್ದು ನಿಂತಿದ್ದೆ. ಮಣೆಯ ಮೇಲಿರುವವಳ ಮಾತನ್ನು ಮಿಲ್ಲಿನಲ್ಲಿ ಯಾರೂ ಕಡಿಯುವುದಿಲ್ಲ. "ಒರೆಸಲಿಲ್ಲ. ಕನ್ನಡೀನ ಇಳಿಸಿ ಮೊದಲನೇ ಸಲ ಅದರ ಮುಂದೆ ನಿಂತಳು. ಊರೂರಿನ ಹೆಂಗಸರು ಒಳಗಿನಿಂದ ಅವಳನ್ನ ನೋಡಿದರು. ಹುಡುಕಿದಳು, ಹುಡುಕಿದಳು. ಎಲ್ಲರ ಮುಖವೂ ಇತ್ತು. ಹೊತ್ತವಳ ಮುಖವೊಂದೇ ಅದರಲ್ಲಿರಲಿಲ್ಲ."

ಟಕ್.

ಚಕ್ರ ಸುತ್ತಿ ಸುಮ್ಮನಾಯಿತು. ಹುರಿದ ಭತ್ತ ಬಾಣಲೆಯಲ್ಲಿ ಚಿಟಚಿಟ ಎನ್ನುವುದು ಕೇಳುತ್ತಿತ್ತು. ಜಬ್ಬಾರಣ್ಣ ಪ್ಯಾನೆಲ್ ರೂಮಿಗೆ ಹೋಗಿ ಡಬ್ಬಿಯ ಮೇಲೆ ಅಂಗೈ ಇಟ್ಟು ಹೊರಗೆ ಬಂದು, "ಬಿಸಿ ಇದೆ," ಎಂದ. "ಅಳು ಅಲ್ಲ ಇದು. ಬಹಳ ದಿನದಿಂದ ಕಾದಿದ್ದು."

ಯಾರೂ ಯಾರನ್ನೂ ಕೇಳಲಿಲ್ಲ. ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಕೆಂಚಮ್ಮ ತನ್ನ ಮೊರವನ್ನು ನನ್ನ ಕೈಗೆ ಕೊಟ್ಟು, "ತಗೋ, ಇದು ದೊಡ್ಡದು, ಬೀಸೋಕೆ ಚೆನ್ನಾಗಿರುತ್ತೆ," ಎಂದಳು. ಶೆಟ್ಟರು ಬಾಗಿಲಲ್ಲಿ ನಿಂತು, "ಬೇಗ ತಾಯೀ, ಬಾಣಲೆ ಆರುತ್ತೆ," ಎಂದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಒಳಗೆ ಗೋಡೆಯುದ್ದಕ್ಕೂ ಕಪ್ಪು ಡಬ್ಬಿಗಳು, ಹುರಿಯುವುದಕ್ಕೊಂದು, ಗಾಳಿಗೊಂದು, ಜರಡಿಗೊಂದು. ಒತ್ತುವ ಚಕ್ರದ್ದು ಎಲ್ಲಕ್ಕಿಂತ ದೊಡ್ಡದು. ಅದರ ಹಿಡಿ ನಡುವೆ ನಿಂತಿತ್ತು. ಮುಟ್ಟಿದೆ. ಇಷ್ಟು ಬಿಸಿಯನ್ನು ನಾನು ನಮ್ಮ ಮನೆಯ ಡಬ್ಬಿಯಲ್ಲಿ ಯಾವತ್ತೂ ಕಂಡಿರಲಿಲ್ಲ. ಇಷ್ಟು ದೊಡ್ಡ ಮೋಟಾರಿನ ಬ್ರೇಕರನ್ನು ನನ್ನ ಹೊಟ್ಟೆಕಿಚ್ಚು ಕೆಡವಿತೇ ಎಂದು ನಾಚಿಕೆಯಾಗುವ ಬದಲು ಮೈಯೆಲ್ಲ ಜುಮ್ಮೆಂದಿತು. ಬೀಸಿದೆ. ಆರಿತು. ಹಿಡಿಯನ್ನು ಪೂರ್ತಿ ಕೆಳಕ್ಕೆ ಒತ್ತಿ ಮೇಲಕ್ಕೆ ಎತ್ತಿದೆ.

ಜಾರಿತು.

ಇನ್ನೂ ಬಿಸಿಯಿರಬೇಕೆಂದು ಮತ್ತೆ ಬೀಸಿದೆ. ಡಬ್ಬಿ ತಣ್ಣಗೆ ಕಲ್ಲಿನಂತಾಗಿತ್ತು. ಮತ್ತೆ ಒತ್ತಿ ಎತ್ತಿದೆ, ಮತ್ತೆ ಜಾರಿತು. ಹಿಡಿಯ ಜೊತೆ ನನ್ನೊಳಗೂ ಏನೋ ಜಾರಿತು. ನನ್ನದಲ್ಲ ಇದು.

ಬಾಗಿಲು ತಟ್ಟಿದ ಸದ್ದಾಯಿತು. "ನೀರು ತಂದಿದೀನಿ," ಎಂದು ಹೊರಗಿನವರಿಗೆ ಕೇಳುವಂತೆ ಹೇಳಿ, ರುದ್ರಾಣಿ ಒಂದು ಚೊಂಬಿನೊಡನೆ ಒಳಗೆ ಬಂದು ಬಾಗಿಲು ಮುಚ್ಚಿದಳು. ಚೊಂಬನ್ನು ನೆಲದ ಮೇಲಿಟ್ಟಳು. ಅವಳ ಮುಖ ಕೆಂಪಗಿತ್ತು. ಅವಳ ಮುಖಕ್ಕೆ ಬಣ್ಣ ಬಂದದ್ದನ್ನು ನಾನು ಅದೇ ಮೊದಲು ಕಂಡದ್ದು.

"ಪಕ್ಕಕ್ಕೆ ಸರಿ," ಎಂದಳು.

"ಯಾಕೆ?"

"ಸರಿಯೇ ಆ ಕಡೆ. ನಿಂದಲ್ಲ ಅದು."

ಒತ್ತಿದಳು, ಎತ್ತಿದಳು. ಹಿಡಿ ಮೇಲೆ ಹೋಗಿ ಕಚ್ಚಿಕೊಂಡು ನಿಂತಿತು. ಗೋಡೆಯಾಚೆ ಚಕ್ರ ಗುಡುಗುಡು ಎಂದು ಹೊರಳತೊಡಗಿತು, ಹೆಂಗಸರು "ಅಬ್ಬಾ" ಎಂದದ್ದು ಕೇಳಿಸಿತು.

ನಾನು ಬಾಯಿ ತೆರೆದು ನೋಡುತ್ತಿದ್ದೆ. "ನಿನಗೆ ಯಾರ ಮೇಲೆ ಹೊಟ್ಟೆಕಿಚ್ಚು?"

"ಯಾರ ಮೇಲಂತೆ!" ಎಂದಳು. "ದಿನಾ ನಿಮ್ಮನೇಗೆ ಬಂದು ಅಡಿಕೆ ಕುಟ್ಟಿದೆ. ಕುಂಬಳಕಾಯಿ, ಕತ್ತೆ, ಹುಂಜ, ಒರೆಸಿದ ಕನ್ನಡಿ, ಇಂಥವೇ ಕೊಟ್ಟಳು ನಿಮ್ಮಜ್ಜಿ. ನಾನು ಹೂಂ ಅಂದೆ. ನನಗೇನು ಗೊತ್ತಾಗಲ್ವಾ, ಪ್ರತಿ ಕಥೆಯ ಕೊನೇಲಿ ಅವಳು ಒಂದು ಸಲ ನಿಲ್ಲುತ್ತಿದ್ದಳು. ಹೇಳಬೇಕಾದ್ದನ್ನ ನುಂಗಿ ಬೇರೆ ಹೇಳುತ್ತಿದ್ದಳು. ಆ ನುಂಗಿದ್ದೆಲ್ಲ ನಿನ್ನ ಹತ್ತಿರ ಇದೆ ಅಂತ ನನಗೆ ಗೊತ್ತಿತ್ತು. ನೀನು ಹೊರಗೆ ಬೀಸ್ತಾ ನಿಂತಿರ್ತಿದ್ದೆ, ನಾನು ಒಳಗೆ ಕೂತು ಅಂದ್ಕೊಳ್ತಿದ್ದೆ, ಇವಳಿಗೆ ಇನ್ನೇನು ಕೇಡು, ನಿಜವಾದ್ದೆಲ್ಲ ಇವಳಿಗೇ ಕೊಟ್ಟಾಗಿದೆ."

"ಮಣೆ ನಿನಗೆ ಕೊಟ್ಟಳಲ್ಲ."

"ಮಣೆ! ಮರದ ಮಣೆ. ತಗೋ, ನೀನೇ ಕೂತ್ಕೋ." ಅವಳು ನಗುತ್ತಿದ್ದಳು, ಕಣ್ಣು ಹೊಳೆಯುತ್ತಿತ್ತು. "ಹೋಗಿ ಹೇಳಿಬಿಡು, ರುದ್ರಾಣಿದು ಬಿತ್ತು ಅಂತ. ಮಣೆ ನಿಂದೇ ಆಗುತ್ತೆ, ಶೆಟ್ಟರಿಗೆ ಬೇರೆ ಯಾರೂ ಇಲ್ಲ. ನನಗೂ ಎದೆ ಅಂತ ಒಂದಿದೆ ಅಂತ ಊರಿಗೆ ಗೊತ್ತಾಗಲಿ. ನಿಮ್ಮಜ್ಜಿಗೂ ಗೊತ್ತಾಗಲಿ."

ನಮ್ಮಜ್ಜಿಗೂ ಗೊತ್ತಾಗಲಿ. ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅಜ್ಜಿಗೆ ಗೊತ್ತಾದರೆ? ಅತ್ತದ್ದಲ್ಲ, ರೇಗಿದ್ದಲ್ಲ, ಮಿಲ್ಲಿನ ದೊಡ್ಡ ಬ್ರೇಕರನ್ನೇ ಕಾಯಿಸಿ ಕೆಡವಿದ ಎದೆ ಈ ಹುಡುಗಿಯದು, ಅದೂ ಒಂದು ಕಥೆಯ ಕೊನೆಯ ಮಾತಿಗಾಗಿ ಎಂದು ಗೊತ್ತಾದರೆ ಅಜ್ಜಿ ಏನು ಮಾಡುತ್ತಾಳೆ? ನುಂಗಿದ್ದನ್ನೆಲ್ಲ ಕರೆದು ಕೂರಿಸಿ ಕೊಡುತ್ತಾಳೆ. ಜ್ವರದ ಕಥೆ, ಹೆಸರು ಮರೆತ ಅಕ್ಕನ ಕಥೆ, ಅವಳ ಬಾಯಿಂದ ನನ್ನ ಕಿವಿಗೆ ಮಾತ್ರ ಬಿದ್ದ ಎಲ್ಲವನ್ನೂ. ಮಣೆಯ ಆಸೆ ಆ ಗಳಿಗೆಯಲ್ಲಿ ನನ್ನೊಳಗೆ ಹೊಟ್ಟಿನಂತೆ ಹಾರಿಹೋಯಿತು. ಇನ್ನೂ ಒಂದು ಮಾತು ಹೇಳಬೇಕು. ಇಷ್ಟು ಕಾಲ ಊರಿಗೆಲ್ಲ ಗೊತ್ತಿದ್ದ ಹೊಟ್ಟೆಕಿಚ್ಚು ನನ್ನದು, ಬೀದಿಯಲ್ಲಿ ನಿಂತು ಬೀಸಣಿಗೆ ಬೀಸಿದವಳು ನಾನು. ನನ್ನದಕ್ಕೆ ಮನೆಯ ಸಣ್ಣ ಡಬ್ಬಿಯಷ್ಟೇ ಬಿದ್ದಿತ್ತು. ಅವಳದು ಸದ್ದಿಲ್ಲದೆ ಬೆಳೆದು, ಒಮ್ಮೆಗೇ, ಇಡೀ ಮಿಲ್ಲನ್ನು. ಅದರಲ್ಲೂ ಅವಳೇ ಮೇಲೆ!

ನಾನು ಬಾಗಿಲು ತೆರೆದೆ. ಶೆಟ್ಟರು, ಜಬ್ಬಾರಣ್ಣ, ಹೆಂಗಸರು ಎಲ್ಲರೂ ನೋಡುತ್ತಿದ್ದರು. ನನ್ನ ಹಿಂದೆ ರುದ್ರಾಣಿ.

"ನಂದೇ ಬಿದ್ದಿದ್ದು," ಎಂದೆ.

"ಗೊತ್ತಿತ್ತು ಬಿಡಮ್ಮ," ಎಂದ ಜಬ್ಬಾರಣ್ಣ.

"ಸುಳ್ಳು," ಎಂದಳು ರುದ್ರಾಣಿ. "ನಂದು. ನಾನು ಎತ್ತಿದ್ದು. ಕೇಳಿ ಅವಳನ್ನ!"

ಕೆಂಚಮ್ಮ ಗಲ್ಲದ ಮೇಲೆ ಬೆರಳಿಟ್ಟುಕೊಂಡಳು. "ಅಯ್ಯೋ ನನ್ನ ಕಂದಾ! ನೋಡ್ರೇ, ನೋಡಿ. ಇವಳಿಗೆ ಶೆಟ್ಟರು ಬಯ್ಯಬಾರದು ಅಂತ ತನ್ನ ಮೇಲೆ ಹಾಕ್ಕೊಳ್ತಾ ಇದೆ ಆ ಮಗು. ಮಣೆ ಹೋದರೂ ಪರವಾಗಿಲ್ಲ ಅಂತ! ಎಂಥ ತಣ್ಣನೆ ಮನಸ್ಸಮ್ಮ ನಿಂದು, ಬೆಣ್ಣೆ."

"ಅಲ್ಲ ಕೆಂಚಮ್ಮಕ್ಕ, ನಿಜವಾಗ್ಲೂ..."

"ಸುಮ್ಮನಿರವ್ವಾ. ನಿನ್ನ ಕಂಡಿಲ್ವಾ ನಾವು." ಹೆಂಗಸರು ಅವಳ ಬೆನ್ನು ಸವರಿದರು, ಒಬ್ಬಳು ಅವಳ ಹಣೆಯ ಬೆವರು ಒರೆಸಿದಳು. ರುದ್ರಾಣಿ ಅವರ ತಲೆಗಳ ಮೇಲಿನಿಂದ ನನ್ನನ್ನು ನೋಡಿದಳು. ಜೀವಮಾನದಲ್ಲಿ ಒಮ್ಮೆ ಅವಳ ಕೈಗೆ ಬಂದದ್ದನ್ನು ನಾನು ಕಸಿದುಕೊಂಡಿದ್ದೆ. ನನಗೆ ಅಷ್ಟಕ್ಕೆ ತೃಪ್ತಿಯಾಗಬೇಕಿತ್ತು, ಆದರೆ ಅವಳನ್ನು ಬೆಣ್ಣೆ ಎಂದು ಹೊಗಳಿದ್ದು ಚುಚ್ಚುತ್ತಿತ್ತು.

ಶೆಟ್ಟರು ಕೂಗಾಡಲಿಲ್ಲ. ಮಾತು ಕಡಿದು ಮಿಲ್ಲು ನಿಲ್ಲಿಸಿದವಳು ಇನ್ನು ಈ ಸೂರಿನ ಕೆಳಗೆ ಬೇಡ, ಹೊರಗೆ ತೊಟ್ಟಿಯ ಕೆಲಸ ನೋಡಿಕೊಳ್ಳಲಿ, ಮಣೆಯ ಮಾತನ್ನು ಯಾವತ್ತೂ ಎತ್ತದಿರಲಿ ಎಂದು ತಣ್ಣಗೆ ಹೇಳಿದರು. ನಾನು ಜರಡಿಯನ್ನು ಗೋಡೆಗೆ ಒರಗಿಸಿ ಹೊರಟೆ. ಅಜ್ಜಿ ನನ್ನ ಸೆರಗು ಹಿಡಿದು ಎಳೆದಳು.

"ನಿಂದೇನಾ ಮಗಾ?"

"ನಂದೇ ಅಜ್ಜೀ."

ಅವಳು ನನ್ನ ಅಂಗೈ ಬಿಡಿಸಿ ನೋಡಿದಳು. ಏನು ಕಂಡಳೋ ತಿಳಿಯದು. ಬಿಟ್ಟಳು.

ಬಾಗಿಲ ಹತ್ತಿರ ಬಂದಾಗ ಕೆಂಚಮ್ಮ, "ಮುಗಿಸಿಬಿಡು ರುದ್ರಾಣಿ, ಕನ್ನಡಿ ಒರೆಸಿದ ಮೇಲೆ ಏನಾಯ್ತು?" ಎಂದು ಕೇಳುತ್ತಿದ್ದಳು. ನಾನು ನಿಂತೆ.

"ಒರೆಸಲಿಲ್ಲ," ಎಂದಳು ರುದ್ರಾಣಿ. ಮಣೆಯ ಮೇಲೆ ನೆಟ್ಟಗೆ ಕೂತಿದ್ದಳು, ಮುಖದ ಬಣ್ಣವೆಲ್ಲ ಇಳಿದುಹೋಗಿತ್ತು. ಬೆಲ್ಲದ ಬೆಲೆ ಹೇಳುವವಳ ದನಿಯಲ್ಲಿ ಹೇಳಿದಳು. "ಇಳಿಸಿ ಅದರ ಮುಂದೆ ನಿಂತಳಂತೆ. ಎಲ್ಲರ ಮುಖಾನೂ ಇತ್ತಂತೆ. ಹೊತ್ತವಳ ಮುಖ ಒಂದು ಇರಲಿಲ್ಲವಂತೆ. ಅವಳು ಕನ್ನಡೀನ ಅಲ್ಲೇ ಬಿಟ್ಟು, ಬರೀ ಬೆನ್ನಲ್ಲಿ ಮನೆಗೆ ಹೋದಳಂತೆ."

ಬರೀ ಬೆನ್ನಲ್ಲಿ. ಅದನ್ನು ಅಜ್ಜಿ ನನಗೆ ಹೇಳಿರಲಿಲ್ಲ. ಅದು ಯಾರೂ ಹೇಳಿದ್ದಲ್ಲ.

ಜರಡಿಗಳು ಆಡುತ್ತಲೇ ಇದ್ದವು. ಹೆಂಗಸರು "ಹೌದಾ?" ಎಂದು ಕೆಲಸ ಮುಂದುವರಿಸಿದರು. ಚಕ್ರ ಒಂದೇ ಸಮ ತಿರುಗಿತು, ಅವಲಕ್ಕಿ ಬಿಳಿಬಿಳಿಯಾಗಿ ಬಿತ್ತು. ಗೋಡೆಗೊರಗಿದ್ದ ಅಜ್ಜಿ ಮಾತ್ರ ಕಣ್ಣು ತೆರೆದಳು. ಒಂದು ಕೈಯೂರಿ ಮೆಲ್ಲಗೆ ಎದ್ದು, ಮಣೆಯ ಹತ್ತಿರಕ್ಕೆ, ನಾನು ಬೆಳೆದ ಆ ಗೋಣಿಚೀಲದ ಮೇಲೆ ಬಂದು ಕೂತು, ರುದ್ರಾಣಿಯ ಬಾಯನ್ನೇ ನೋಡುತ್ತ, "ಹೂಂ, ಆಮೇಲೆ?" ಎಂದಳು.

ನಾನು ಅಂಗಳಕ್ಕೆ ಬಂದೆ. ತೊಟ್ಟಿಯ ಬಿಸಿನೀರಿಗೆ ಕೈಯಿಟ್ಟು ಭತ್ತ ತಿರುವುತ್ತ ಒಳಗಿನ ಸದ್ದಿಗೆ ಕಿವಿಗೊಟ್ಟು ನಿಂತೆ. ಈಗ ನನ್ನದು ಬೀಳುತ್ತದೆ, ಈಗ ಬಿದ್ದೇ ಬೀಳುತ್ತದೆ, ನನ್ನ ಹೆಸರು ಹಿಡಿದು ಕರೆಯುತ್ತಾರೆ ಎಂದು ಕಾದೆ. ಚಕ್ರ ತಿರುಗುತ್ತಲೇ ಇತ್ತು. ತೊಟ್ಟಿಯ ಅಂಗಳ ಪ್ಯಾನೆಲ್ ರೂಮಿನಿಂದ ಬಹಳ ದೂರ.